ಸದ್ದಿಲ್ಲದ ಗಾಲಿ

ಕೆಲವರಿಗೆ ದೇವರು ಆರಿಸಿಕೊಳ್ಳುವ ಶಕ್ತಿ ಕೊಟ್ಟಿರುತ್ತಾನೆ. ಅಂಗಡಿಗೆ ಹೋಗುತ್ತಾರೆ, ಬೆರಳು ತೋರಿಸುತ್ತಾರೆ, ಕೊಂಡು ಬರುತ್ತಾರೆ, ಆಮೇಲೆ ಅದರ ಯೋಚನೆಯನ್ನೇ ಮಾಡದೆ ಉಂಡು ಮಲಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ಛತ್ರಿ ಕೊಳ್ಳಲು ಹೊರಟು ಮಳೆಗಾಲ ಮುಗಿದ ಮೇಲೆ ಕೊಂಡವನು ನಾನು. ನನ್ನ ಬದುಕಿನ ಎರಡು ದೊಡ್ಡ ಆಯ್ಕೆಗಳನ್ನು, ಪುಣ್ಯಕ್ಕೆ, ಬೇರೆಯವರು ಮಾಡಿದರು. ವಕೀಲಿ ಓದಲಿ ಎಂದು ಸೋದರಮಾವ ಆರಿಸಿದರು, ಜಯಮ್ಮನನ್ನು ಮದುವೆಯಾಗಲಿ ಎಂದು ಅಪ್ಪ ಆರಿಸಿದರು. ಎರಡರಲ್ಲಿ ಒಂದಂತೂ ಬಹಳ ಚೆನ್ನಾಗಿ ಕೂಡಿಬಂದಿದೆ. ಯಾವುದೆಂದು ಬಿಡಿಸಿ ಹೇಳಿದರೆ ಹುಣಸೂರಿನ ಕಕ್ಷಿಗಾರರು ಬೇರೆ ವಕೀಲರನ್ನು ಹುಡುಕಿಕೊಂಡು ಹೋದಾರು.

ನನ್ನ ಮೋಟಾರು ಕಾರನ್ನೂ ನಾನು ಆರಿಸಿದ್ದಲ್ಲ. ಕೊಡಗಿನ ಕಾಫಿತೋಟದ ಬಿಳಿಯ ದೊರೆಯೊಬ್ಬರು ತಮ್ಮ ಸೀಮೆಗೆ ಹೊರಟು ನಿಂತಾಗ ಅವರ ಬಳಿ ಮಾರಲು ಇದ್ದದ್ದು ಅದೊಂದೇ. ಹೋಲಿಸಿ ನೋಡಲು ಇನ್ನೊಂದಿಲ್ಲದ ಕಾರಣ ತಡಮಾಡದೆ ಕೊಂಡುಬಿಟ್ಟೆ. ಬಹಳ ಸಣ್ಣ ಕಾರು. ಊರಿನ ಜನ ಅದಕ್ಕೆ ಮರಿ ಮೋಟಾರು ಎಂದು ಹೆಸರಿಟ್ಟರು. ಒಳಗೆ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ರುಮಾಲು ಸುತ್ತಿಕೊಂಡು ಕೂರುವುದಂತೂ ಆಗದ ಮಾತು. ಕೋರ್ಟಿಗೆ ಹೋಗುವಾಗ ರುಮಾಲನ್ನು ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಯಾರೋ ಕುಳ್ಳಗಿನ ಹಿರಿಯರು ನನ್ನ ಜೊತೆ ಬರುತ್ತಿದ್ದಾರೆಂದು ತಿಳಿದು ಜನ ಆ ರುಮಾಲಿಗೆ ಕೈಮುಗಿದದ್ದೂ ಉಂಟು. ಎಂಜಿನ್ನು ಗಟ್ಟಿಯಾಗಿತ್ತು. ಗಾಲಿಗಳು ಮಾತ್ರ ತಂತಿಕಡ್ಡಿಯವು. ದೊರೆಯವರ ತೋಟದ ಕಲ್ಲುದಾರಿಯಲ್ಲಿ ಓಡಿ ಓಡಿ ಕಡ್ಡಿಗಳು ಸಡಿಲಾಗಿ, ರಿಮ್ಮುಗಳ ಅಂಚು ಸೊಟ್ಟಗಾಗಿತ್ತು. ಹೊರಟರೆ ಕಟಕಟ ಎನ್ನುತ್ತಿದ್ದವು, ತಿರುವಿನಲ್ಲಿ ಕಿರ್ರೆನ್ನುತ್ತಿದ್ದವು.

ಜಯಮ್ಮ ಬಸುರಿಯಾದಾಗ ಅವಳನ್ನು ಹಂಪಾಪುರದ ತೌರುಮನೆಗೆ ಬಿಟ್ಟು ಬಂದದ್ದು ಇದೇ ಕಾರಿನಲ್ಲಿ. ದಾರಿಯುದ್ದಕ್ಕೂ ಹಿಂದಿನ ಎಡಗಾಲಿ ಗೋಳಾಡಿತು. ಅದಕ್ಕೆ ಕಾರಣವೇನು, ಪರಿಹಾರವೇನು ಎಂದು ನಾನು ಅವಳಿಗೆ ವಿವರವಾಗಿ ಹೇಳುತ್ತ ಹೋದೆ. ತೌರಿನ ಬಾಗಿಲಲ್ಲಿ ಇಳಿದವಳು ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನು ಈ ಕಾರು ಅತ್ತಾಕಿಲ್ಲ ನಾನು. ಕೂಸು ಕರ್ಕೊಂಡು ಬರೋವಾಗ ಅಪ್ಪನ ಕಮಾನುಗಾಡೀಲಿ ಬತ್ತೀನಿ" ಎಂದಳು. ಆಗ ನಾನು ನಕ್ಕುಬಿಟ್ಟೆ. ಆದರೆ ಹೆಣ್ಣುಮಗು ಹುಟ್ಟಿದ ಸುದ್ದಿ ಬಂದ ದಿನದಿಂದ ಆ ಮಾತು ಚುಚ್ಚತೊಡಗಿತು. ಹುಣಸೂರಿನಲ್ಲಿ ಮೋಟಾರು ಇಟ್ಟ ವಕೀಲನ ಹೆಂಡತಿ ಎತ್ತಿನ ಗಾಡಿಯಲ್ಲಿ ಬಂದಿಳಿದರೆ ಕೋರ್ಟಿನ ಬಾರ್ ರೂಮಿನಲ್ಲಿ ಏನೆಂದಾರು ಎಂಬುದು ಒಂದು. ಅದಕ್ಕಿಂತ ದೊಡ್ಡದೆಂದರೆ, ನನ್ನ ಮಗಳನ್ನು ನಾನೇ ಮನೆಗೆ ಕರೆತರಬೇಕೆಂದು ನನಗೆ ಆಸೆಯಾಗಿತ್ತು. ಬೇರೆ ಯಾವುದಕ್ಕೂ ಅಷ್ಟು ಆಸೆಪಟ್ಟ ನೆನಪು ನನಗಿಲ್ಲ. ಹೊಸ ಗಾಲಿ ಹಾಕಿಸುವುದು, ಅದೂ ಚೂರೂ ಸದ್ದು ಮಾಡದಂಥದ್ದು, ಎಂದು ನಿಶ್ಚಯಿಸಿದೆ.

ನಿಶ್ಚಯಿಸುವುದು ಸುಲಭ, ಆರಿಸುವುದು ಕಷ್ಟ. ಮೈಸೂರಿನ ಮೋಟಾರು ಸಾಮಾನಿನ ಅಂಗಡಿಯವನು ಎರಡು ಬಗೆ ಮುಂದಿಟ್ಟ. ಒಂದು ಮತ್ತೆ ತಂತಿಕಡ್ಡಿಯದು, ಹಗುರ, ನೋಡಲು ಚೆಂದ. ಇನ್ನೊಂದು ಉಕ್ಕಿನ ತಟ್ಟೆಯಂಥದ್ದು, ಕಡ್ಡಿಯೇ ಇಲ್ಲ, ನಡುವೆ ಬೋಗುಣಿ ಕವುಚಿದ ಹಾಗೆ ಹೊಳೆಯುವ ಮುಚ್ಚಳ. ಮೊದಲನೆಯದನ್ನು ನೋಡುವಾಗ ಎರಡನೆಯದೇ ಮೇಲೆನ್ನಿಸುತ್ತಿತ್ತು, ಎರಡನೆಯದನ್ನು ಮುಟ್ಟಿದರೆ ಮೊದಲನೆಯದು ಕರೆಯುತ್ತಿತ್ತು. ಯೋಚಿಸಿ ಬರುತ್ತೇನೆಂದು ಹೊರಟು ಬಂದೆ. ಹಾಗೆ ಎಷ್ಟು ಸಲ ಹೊರಟು ಬಂದೆನೋ, ಕೊನೆಕೊನೆಗೆ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಕುರ್ಚಿಯಿಂದ ಏಳುವುದನ್ನು ಬಿಟ್ಟ.

ದಾರಿಯಲ್ಲಿ ಬಿಳಿಕೆರೆಯಲ್ಲಿ ಕಾಫಿಗೆ ನಿಲ್ಲಿಸಿದಾಗಲೆಲ್ಲ ಗಾಡಿ ಹೊಡೆಯುವವರ ಸಭೆ ಸೇರುತ್ತಿತ್ತು. ಅವರು ನನ್ನ ಗಾಲಿಗಳನ್ನು ಎತ್ತಿನ ಸುಳಿ ನೋಡುವ ಗಂಭೀರತೆಯಿಂದ ಬಗ್ಗಿ ನೋಡಿ ತಲೆದೂಗುತ್ತಿದ್ದರು. "ಮುಂದ್ಲು ಎರಡು ಒಂದು ಜೋಡಿ, ಇಂದ್ಲು ಎರಡು ಒಂದು ಜೋಡಿ ಕಣ್ರೀ. ಜೋಡಿ ಒಡೀಬ್ಯಾಡಿ, ಒಗ್ಗಾಕಿಲ್ಲ" ಎಂದು ಒಬ್ಬ ಎಚ್ಚರಿಸಿದ. ಬಣ್ಣದ ವಿಷಯದಲ್ಲಿ ನನ್ನ ಗುಮಾಸ್ತ ಚೆನ್ನಯ್ಯ ಸಲಹೆಗಾರನಾದ. "ಕೆಂಪು ಬ್ಯಾಡಿ ಸ್ವಾಮಿ, ಎದುರಿಗೆ ಬರೋ ಎತ್ತು ಬೆದರ್ತವೆ. ಬಿಳೀದು ಬ್ಯಾಡಿ, ಸಗಣಿ ಎದ್ದು ಕಾಣ್ತದೆ. ಕಪ್ಪು ಓಗ್ಲಿ ಅಂದ್ರೆ, ಕೂಸು ಬರೋ ಒತ್ನಲ್ಲಿ ಕಪ್ಪು ಯಾಕೆ?" ಎಂದ. ಹಾಗಾದರೆ ಯಾವ ಬಣ್ಣವಯ್ಯ ಎಂದು ಕೇಳಿದೆ. "ಅದ್ನ ನೀವೇ ತೀರ್ಮಾನ ಮಾಡ್ಬೇಕು" ಎಂದು ಕಡತ ಕಟ್ಟಿಕೊಂಡು ಹೊರಟುಹೋದ. ಇಂಥ ಸಲಹೆಗಳನ್ನು ನಾನೂ ಕಕ್ಷಿಗಾರರಿಗೆ ಕೊಟ್ಟಿದ್ದೇನಾದ್ದರಿಂದ ಕೋಪಿಸಿಕೊಳ್ಳುವ ಹಾಗಿರಲಿಲ್ಲ.

ಈ ಚರ್ಚೆಗಳೆಲ್ಲದರ ಸಾರವನ್ನೂ ನಾನು ಭಾನುವಾರಗಳಂದು ಹಂಪಾಪುರಕ್ಕೆ ಹೋದಾಗ ಜಯಮ್ಮನಿಗೆ ಒಪ್ಪಿಸುತ್ತಿದ್ದೆ. ಬಾಣಂತಿ ಕೋಣೆಯ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೂತು, ತಟ್ಟೆಗಾಲಿಯ ಗುಣವೇನು, ಕಡ್ಡಿಗಾಲಿಯ ದೋಷವೇನು, ಜೇನುತುಪ್ಪದ ಬಣ್ಣ ಹೇಗೆ ಎಂದೆಲ್ಲ ಕೇಳುತ್ತಿದ್ದೆ. ಅವಳು ಒಳಗಿನಿಂದ "ಊಂ" ಎನ್ನುತ್ತಿದ್ದಳು. ಎಲ್ಲದಕ್ಕೂ ಒಂದೇ "ಊಂ" ಆದ್ದರಿಂದ ಅವಳಿಗೆ ಎಲ್ಲವೂ ಒಪ್ಪಿಗೆಯೆಂದು ಭಾವಿಸಿದೆ.

ಕಡ್ಡಿಯೇ ಇಲ್ಲದ ಮೇಲೆ ಸದ್ದೆಲ್ಲಿಂದ ಬಂದೀತು ಎಂಬ ವಾದ ಕೊನೆಗೆ ಗೆದ್ದಿತು. ಜೇನುತುಪ್ಪದ ಬಣ್ಣದ ತಟ್ಟೆಗಾಲಿಗಳು ಬಂದವು. ಬಂದವು ಎಂದರೆ ಕೂತವು ಎಂದಲ್ಲ. ಗಾಲಿಯ ತೂತುಗಳೇ ಬೇರೆ, ಕಾರಿನ ಬೋಲ್ಟುಗಳೇ ಬೇರೆ ಆಗಿ, ಅಂಗಡಿಯ ಮೇಸ್ತ್ರಿ ಒಂದು ಬೋಲ್ಟನ್ನು ಸೇರಿಸಿದರೆ ಎದುರಿನದು ಮುಖ ತಿರುಗಿಸುತ್ತಿತ್ತು. ಬೇರೆ ಅಳತೆಯವನ್ನು ತರಿಸಿದ್ದಾಯಿತು. ಅವುಗಳಿಗೆ ಹಳೆಯ ಟೈರು ಏರಿಸುವಾಗ ಇಬ್ಬರು ಆಳುಗಳು ಕಬ್ಬಿಣದ ಸಲಾಕಿ ಹಿಡಿದು ನಡೆಸಿದ ಯುದ್ಧವನ್ನು ನೋಡಲಾರದೆ ನಾನು ಬೀದಿಗೆ ಹೋಗಿ ನಿಂತೆ. ಆದರೆ ಅಂದು ಸಂಜೆ ಮೈಸೂರಿನಿಂದ ಹುಣಸೂರಿಗೆ ಬಂದ ಸುಖವನ್ನು ಹೇಗೆ ಹೇಳಲಿ! ಕಟಕಟ ಇಲ್ಲ, ಕಿರ್ರ್ ಇಲ್ಲ. ದಾರಿಯ ಸಾಲುಮರಗಳಲ್ಲಿ ಹಕ್ಕಿಗಳಿವೆಯೆಂಬುದು ನನಗೆ ಅಂದೇ ಗೊತ್ತಾದದ್ದು.

ಕರೆತರಲು ಗುರುವಾರ ಬೆಳಗ್ಗೆ ಒಳ್ಳೆಯ ಹೊತ್ತೆಂದು ಪುರೋಹಿತರು ಹೇಳಿದ್ದರು. ನಾನು ಬುಧವಾರ ಸಂಜೆಯೇ ಹೋದೆ. ಮಾವ ನಂಜೇಗೌಡರು ಹೊಲ ಗದ್ದೆ ಎರಡೂ ಇದ್ದ ಕುಳ. ಮಾತು ಕಡಿಮೆ, ಉಪಚಾರ ಜಾಸ್ತಿ. ಕಾರನ್ನು ಒಂದು ಸುತ್ತು ಬಂದು, ಗಾಲಿಯನ್ನು ಅಂಗೈಯಿಂದ ತಟ್ಟಿ, "ಒಸಾ ಗಾಲಿಯಾ?" ಎಂದರು. ಹೌದೆಂದೆ. "ಚೆಂದಾಗವೆ" ಎಂದು ಒಳಗೆ ಕರೆದುಕೊಂಡು ಹೋದರು. ಅಷ್ಟು ಮೆಚ್ಚಿಗೆ ಅವರಿಂದ ಬಂದದ್ದು ಅದೇ ಮೊದಲು. ಆ ಸಂತೋಷದಲ್ಲಿ ಎರಡು ಮುದ್ದೆ ಹೆಚ್ಚಿಗೆ ಉಂಡು ಗಡದ್ದಾಗಿ ಮಲಗಿದೆ.

ಬೆಳಗ್ಗೆ ಎದ್ದು ಹಲ್ಲುಜ್ಜುತ್ತ ಅಂಗಳಕ್ಕೆ ಬಂದೆ. ಕಾರು ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಗಾಲಿಗಳಿರಲಿಲ್ಲ.

ನನ್ನ ಮುಖ ನೋಡಿ ಮಾವನವರೇ ಹತ್ತಿರ ಬಂದರು. "ಗಾಬ್ರಿ ಬೀಳ್ಬ್ಯಾಡಿ ಅಳಿಯಂದ್ರೆ. ಆಚಾರಿ ಕರೆಸಿ ಬಿಚ್ಚಿಸ್ದೆ. ಕೆರೇಲಿ ನೆನೆಹಾಕ್ಸಿವ್ನಿ. ಬಿಸ್ಲುಗಾಲ, ಅಸಗೂಸು ಕರ್ಕೊಂಡು ದೂರ ಓಯ್ತಾ ಇದ್ದೀರಿ. ರಾತ್ರಿಯೆಲ್ಲ ನೆಂದವೆ, ಪಟ್ಟಿ ಬಿಗಿಯಾಗೈತೆ" ಎಂದರು.

ಬೇಸಿಗೆಯಲ್ಲಿ ಗಾಡಿಯ ಮರದ ಗಾಲಿ ಒಣಗಿ ಕುಗ್ಗುತ್ತದೆ. ಅದಕ್ಕೆ ತೊಡಿಸಿದ ಕಬ್ಬಿಣದ ಪಟ್ಟಿ ಸಡಿಲಾಗಿ ದಾರಿಯಲ್ಲಿ ಕಳಚಿಬಿದ್ದರೆ ಗಾಡಿ ಮಗುಚುತ್ತದೆ. ಅದಕ್ಕಾಗಿ ದೂರದ ಪ್ರಯಾಣದ ಹಿಂದಿನ ರಾತ್ರಿ ಗಾಲಿ ಬಿಚ್ಚಿ ಕೆರೆಯಲ್ಲಿ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ನೀರು ಕುಡಿದು ಮರ ಉಬ್ಬಿದರೆ ಪಟ್ಟಿ ಅಲುಗುವುದಿಲ್ಲ. ಮೊಮ್ಮಗಳ ಮೇಲಿನ ಪ್ರೀತಿಯಿಂದ ಮಾವ ಅದನ್ನೇ ಮಾಡಿದ್ದರು.

"ಮಾವ, ಇದು ಮರದ್ದಲ್ಲ, ಉಕ್ಕು" ಎಂದೆ, ಆದಷ್ಟು ಮೃದುವಾಗಿ.

"ಉಕ್ಕೇ ಆಗ್ಲಿ ಬುಡಿ. ನೀರು ಕುಡಿದ್ರೆ ಯಾವುದ್ಕೂ ಕೇಡಿಲ್ಲ" ಎಂದರು. "ಮೊದ್ಲು ತೇಲ್ತಾ ಇದ್ದೋ, ಮುಳುಗ್ನಿಲ್ಲ. ಮ್ಯಾಕೆ ನಾಕು ಮಂಕರಿ ಜಲ್ಲಿ ಸುರುದ್ಮೇಲೆ ಮುಳುಗುದ್ವು."

ಹೈಕೋರ್ಟಿನ ತೀರ್ಪುಗಳು ನನ್ನ ನಾಲಿಗೆಯ ತುದಿಯಲ್ಲಿರುತ್ತವೆ, ಆದರೆ ಈ ಪಕ್ಷದ ವಿರುದ್ಧ ಎತ್ತಿ ಹೇಳುವಂಥದ್ದು ಒಂದೂ ನೆನಪಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಕೆರೆಗೆ ಇಳಿದೆ. ಸೊಂಟದ ಮಟ್ಟದ ನೀರು, ಎರಡೂ ಕಡೆ ಎಮ್ಮೆಗಳು. ಜಲ್ಲಿ ಬದಿಗೆ ಸರಿಸಿ, ಒಂದೊಂದೇ ಗಾಲಿಯನ್ನು ತಬ್ಬಿಕೊಂಡು ದಡಕ್ಕೆ ತಂದೆ. ಜೇನುತುಪ್ಪದ ಬಣ್ಣದ ಮೇಲೆ ಕೆಸರು, ಕೆಸರಿನ ಮೇಲೆ ಪಾಚಿ. ಏರಿಯ ಮೇಲೆ ಮಗುವನ್ನು ಎತ್ತಿಕೊಂಡು ನಿಂತಿದ್ದ ಜಯಮ್ಮ ನಗುತ್ತಿದ್ದಳು, ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ನಿಲ್ಲುತ್ತಿರಲಿಲ್ಲ. ನನಗೆ ಅಳು ಬರುವಂತಿತ್ತು.

ಆಚಾರಿ ಗಾಲಿಗಳನ್ನು ಮತ್ತೆ ತೊಡಿಸಿ ಬಿಗಿದ. ಅಷ್ಟರಲ್ಲಿ ಮಾವ ಕಮಾನುಗಾಡಿಯನ್ನೂ ಸಿದ್ಧಮಾಡಿಸಿದ್ದರು. ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ನೊಗದ ಹತ್ತಿರ ಎತ್ತುಗಳು. "ಯಾವುದ್ರಲ್ಲಿ ಕೂತ್ಕೋತೀಯೋ ನಿನ್ನಿಷ್ಟ ಕಣವ್ವ" ಎಂದರು ಮಗಳಿಗೆ. ನಾನು ಕಾರಿನ ಬಾಗಿಲು ತೆರೆದು ಹಿಡಿದು ನಿಂತೆ. ನೀರಿನಲ್ಲಿ ನೆಂದರೂ ಈ ಗಾಲಿ ಸದ್ದು ಮಾಡುವುದಿಲ್ಲ, ಹೆದರಬೇಡ ಎಂದು ಹೇಳಲು ಬಾಯಿ ತೆರೆದೆ.

"ಗಾಲಿ ಭಯ ನಂಗೆ ಯಾವತ್ತೂ ಇರ್ನಿಲ್ಲ ಕಣ್ರೀ" ಎಂದಳು ಜಯಮ್ಮ. "ನೀವು ಆಡೋ ಗಾಲಿ ಮಾತಿಂದೇ ಭಯ. ಆವತ್ತು ಬರೋವಾಗ ದಾರಿ ಉದ್ದಕ್ಕೂ ಅದೇ ಮಾತು. ಕೂಸು ಉಟ್ಟ ಮ್ಯಾಲೂ ಅದೇ ಮಾತು. ಇದು ಯಾರಂಗೈತೆ, ನಗ್ತದಾ, ಅಂತ ಒಂದಿನಾನಾದ್ರೂ ಕೇಳಿದ್ರಾ? ಗಾಡೀಲಾದ್ರೆ ನಿದ್ದೆ ಮಾಡ್ಬೋದು ಅಂತ ಗಾಡಿ ಅಂದೆ. ಇವತ್ತು ಕೆರೇಲಿ, ಗಾಲಿ ಕೈಲಿಟ್ಕೊಂಡೂ ಬಾಯಿ ಮುಚ್ಕೊಂಡಿದ್ದು ನೋಡ್ದೆ. ಉಣಸೂರು ಬರೋಗಂಟ ಅಂಗೇ ಇದ್ರೆ ಕಾರಲ್ಲೇ ಬತ್ತೀನಿ."

ಒಪ್ಪಿದೆ. ಮಗಳನ್ನು ಆಗ ಸರಿಯಾಗಿ ನೋಡಿದೆ. ಮೂಗು ನನ್ನದು, ಪಾಪ. ನಗು ಅವರಮ್ಮನದು.

ಹುಣಸೂರಿನ ದಾರಿ ಹಿಡಿದೆವು. ಹೊರಟ ಕೂಡಲೇ ಮಗು ರಾಗ ತೆಗೆಯಿತು. ಅದರ ಜೊತೆಗೇ ಹಿಂದಿನ ಗಾಲಿಯಿಂದ ಇನ್ನೊಂದು ಸದ್ದು: ಗಿಲ್, ಗಿಲಗಿಲ, ಗಿಲ್. ಇಷ್ಟು ದಿನ ಒದ್ದಾಡಿ ಆರಿಸಿದ ಸದ್ದಿಲ್ಲದ ಗಾಲಿ! ಮಾತಾಡುವ ಹಾಗಿಲ್ಲ. ಬೋಲ್ಟು ಸಡಿಲಾಗಿದ್ದರೆ ಸುಮ್ಮನಿರುವ ಹಾಗೂ ಇಲ್ಲ. ಎಂಜಿನ್ನಿಗೆ ನೀರು ಹಾಕುವ ನೆವದಿಂದ ನಿಲ್ಲಿಸಿ, ಇಳಿದು, ಗಾಲಿಯನ್ನು ಕದ್ದು ತಟ್ಟಿ ನೋಡಿದೆ. ಬೋಲ್ಟೆಲ್ಲ ಭದ್ರ. ನಡುವಿನ ಹೊಳೆಯುವ ಮುಚ್ಚಳ ತಟ್ಟಿದಾಗ ಗಿಲ್ ಎಂದಿತು: ಗಾಲಿಯ ಹಿಂದಿನ ತೂತಿನಿಂದ ನುಸುಳಿದ ಕೆರೆಯ ಜಲ್ಲಿಕಲ್ಲುಗಳು ಅದರೊಳಗೆ ಸೇರಿಕೊಂಡಿದ್ದವು. ಮುಚ್ಚಳ ಕೀಳಲು ಕೈ ಹಾಕಿದೆ. ಒಳಗಿನಿಂದ ಮಗು ಕಿರುಚಿತು.

"ನಿಲ್ಲಿಸ್ಬ್ಯಾಡಿ, ಓಡ್ಸಿ" ಎಂದಳು ಜಯಮ್ಮ. "ಆ ಗಿಲಕಿ ಸದ್ದಿಗೆ ಸುಮ್ಕಾಗಿತ್ತು. ನೀವು ನಿಲ್ಲಿಸಿದ್ಕೆ ಎದ್ದದೆ."

ಓಡಿಸಿದೆ. ಗಿಲಗಿಲ ಎಂದಿತು, ಮಗು ಕಣ್ಣು ಮುಚ್ಚಿತು. ಸ್ವಲ್ಪ ಹೊತ್ತಿಗೆ ಜಯಮ್ಮನೂ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಹುಣಸೂರಿನವರೆಗೂ ನಾನೊಬ್ಬನೇ ಎಚ್ಚರವಾಗಿದ್ದೆ. ಹೇಳಿದರೆ ನಂಬುವುದು ಕಷ್ಟ, ಒಂದು ಮಾತೂ ಆಡಲಿಲ್ಲ. ನಮ್ಮ ಬೀದಿಯವರೆಲ್ಲ ಬಂದು ಮಗುವನ್ನು ನೋಡಿದರು. ಗಾಲಿಯನ್ನು ನೋಡಿದವರು ಯಾರೂ ಇಲ್ಲ. ನನಗೂ ತೋರಿಸಬೇಕೆನ್ನಿಸಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಧಾರಿಸಿದೆನೆಂದು ನೀವು ತಿಳಿಯುತ್ತಿದ್ದಿರಿ. ಮಗು ಹಠಮಾಡಿದಾಗಲೆಲ್ಲ ಕಾರಿನಲ್ಲಿ ಕೂರಿಸಿ ಬೀದಿ ಸುತ್ತಿಸುವುದು ರೂಢಿಯಾಯಿತು. ಒಂದು ದಿನ ಮೈಸೂರಿನ ಮೇಸ್ತ್ರಿ, ಕೇಳದೆಯೇ, ಮುಚ್ಚಳ ತೆಗೆದು ಕಲ್ಲುಗಳನ್ನು ಮೋರಿಗೆ ಎಸೆದ. ಅಂದು ಸಂಜೆ ಮಗುವಿನ ರಂಪ ಹೇಳತೀರದು. ಮರುದಿನ ಮುಚ್ಚಳವನ್ನು ಕೈಯಲ್ಲಿ ಹಿಡಿದು ಲಕ್ಷ್ಮಣತೀರ್ಥದ ದಡಕ್ಕೆ ಹೋದೆ. ಹೊಳೆಯಲ್ಲಿ ಕಲ್ಲುಗಳು ಎಷ್ಟೊಂದು ಬಗೆ ಎಂಬುದನ್ನು ಗಮನಿಸಿದ್ದೀರಾ? ದುಂಡನೆಯದು ಉರುಳುತ್ತದೆ, ಆದರೆ ದನಿ ಮಂದ. ಚಪ್ಪಟೆಯದು ದನಿ ತೆಗೆಯುತ್ತದೆ, ಆದರೆ ತಿರುವಿನಲ್ಲಿ ಅಂಟಿಕೊಳ್ಳುತ್ತದೆ. ಬಿಳಿಕಲ್ಲಿನ ನಾದವೇ ಬೇರೆ. ಈಗ ಕೆಲವು ವಾರಗಳಿಂದ ದಿನವೂ ಹೋಗಿ ಆರಿಸುತ್ತಿದ್ದೇನೆ, ಇನ್ನೂ ತೀರ್ಮಾನವಾಗಿಲ್ಲ. ಕೊಟ್ಟ ಮಾತಿಗೆ ತಪ್ಪದೆ ಜಯಮ್ಮನ ಮುಂದೆ ಗಾಲಿಯ ಸುದ್ದಿ ಎತ್ತುವುದಿಲ್ಲ, ಕಲ್ಲುಗಳ ಸುದ್ದಿ ಮಾತ್ರ ಹೇಳುತ್ತೇನೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಬಿಳಿಕಲ್ಲಿನ ವಿಷಯ ವಿವರಿಸುತ್ತಿದ್ದೆ. ಅವಳು ಕೇಳುತ್ತಲೇ ಸಾರು ಬಡಿಸಿದಳು. ನಿನ್ನೆ ಚೆನ್ನಯ್ಯನಿಂದ ತಿಳಿಯಿತು, ಮುಂದಿನ ಹಬ್ಬಕ್ಕೆ ಕಮಾನುಗಾಡಿ ಕಳಿಸಬೇಕೆಂದು ಅವಳು ಹಂಪಾಪುರಕ್ಕೆ ಹೇಳಿಕಳಿಸಿದ್ದಾಳಂತೆ.