ಉಡಿಯಲ್ಲಿ ಹೋದ ಫೋನು

ದೊಡ್ಡ ಫೋನುಗಳ ಬಗ್ಗೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಆದರೆ ಮನುಷ್ಯ ಜೇಬು ನೋಡಿ ಫೋನು ಕೊಳ್ಳಬೇಕೇ ಹೊರತು ಫೋನು ನೋಡಿ ಅಂಗಿ ಹೊಲಿಸಬಾರದು ಎಂಬುದು, ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಕಡತ ತಿರುವಿದ ನನ್ನ ಖಚಿತ ಅಭಿಪ್ರಾಯ. ನಮ್ಮ ಬಡಾವಣೆ ಮಾಳಮಡ್ಡಿಯಲ್ಲಿ ನನ್ನ ವಾರಿಗೆಯವರೆಲ್ಲ ಸ್ಲೇಟಿನಷ್ಟು ಅಗಲದ ಫೋನು ಹಿಡಿದು ವಾಕಿಂಗ್ ಹೊರಟರೆ, ನಾನು ಅಂಗೈಯೊಳಗೆ ಅಡಗುವ ಪುಟ್ಟ ಫೋನೊಂದನ್ನು ಹುಡುಕಿ ತರಿಸಿದೆ. ಜೇಬಿನಲ್ಲಿ ಹಾಕಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅದನ್ನು ನಾನು ಗುಣವೆಂದೇ ತಿಳಿದಿದ್ದೆ.

"ಇದರ ಜೋಡಿ ಆಟದ ಒಲಿ, ಬೋಗಾಣಿನೂ ಕೊಟ್ಟಾರೇನ್ರಿ?" ಎಂದಳು ನನ್ನ ಹೆಂಡತಿ ಸುಮಿತ್ರಾ.

"ನಿನಗ ತಿಳಿಯಂಗಿಲ್ಲ. ಒಂದ ಕೈಲೆ ಎಲ್ಲಾ ಕೆಲಸ ಮಾಡಬಹುದು."

"ಎರಡ ಕೈಲೆ ಮಾಡಿದ್ದ ನಾ ನೋಡೇನಲ್ಲ."

ಅಲ್ಪಸ್ವಲ್ಪ ಅನಾನುಕೂಲಗಳಿದ್ದವು, ಇಲ್ಲವೆನ್ನುವುದಿಲ್ಲ. ನನ್ನ ಹೆಬ್ಬೆರಳು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಮೂರು ಬೀಳುತ್ತಿದ್ದವು. ಹೀಗಾಗಿ ಬರೆಯುವುದನ್ನು ಬಿಟ್ಟು, ಹೇಳಬೇಕಾದದ್ದನ್ನೆಲ್ಲ ಬಾಯಿಂದಲೇ ಹೇಳಿ ಧ್ವನಿಯಾಗಿ ಕಳಿಸತೊಡಗಿದೆ. ಫೋನಿಗೆ ಹಾಕಿದ್ದ ಲಾಕು ನನ್ನ ಬೆರಳಿಗೆ ಮೂರು ದಿನ ತೆರೆಯದ ಕಾರಣ ಅದನ್ನೂ ತೆಗೆಸಿದೆ. ಕಿವಿಗೆ ಹಿಡಿದರೆ ಬಾಯಿಯ ತನಕ ಬರುವುದಿಲ್ಲವೆಂದು, ಬಂದ ಕರೆಯೆಲ್ಲ ಸ್ಪೀಕರಿನಲ್ಲೇ ಕೇಳುವ ಹಾಗೆ ಮಾಡಿಸಿಕೊಂಡೆ. ಒಟ್ಟಿನಲ್ಲಿ ಯಾರು ಬೇಕಾದರೂ ತೆರೆಯಬಹುದಾದ, ಎಲ್ಲರಿಗೂ ಕೇಳಿಸುವ, ಆದರೆ ಯಾರ ಕಣ್ಣಿಗೂ ಬೀಳದ ಫೋನು ನನ್ನದಾಗಿತ್ತು.

ಹೀಗಿರಲು, ಮಗಳು ವಿದ್ಯಾಳ ಕುಬಸದ ದಿನ ಬಂತು. ಏಳು ತಿಂಗಳ ಬಸುರಿಗೆ ತವರಿನಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಕಾರ್ಯ. ಹಳೇ ಹುಬ್ಬಳ್ಳಿಯಿಂದ ಬೀಗರು ಬಂದರು. ವಿದ್ಯಾಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ ಗಂಗಮ್ಮನವರು, ನಿವೃತ್ತ ಮುಖ್ಯೋಪಾಧ್ಯಾಯಿನಿ; ಸಾಲಿ ಕಲಿಸಿದವರೆಂದು ನಮ್ಮ ಮನೆಯಲ್ಲೂ ಅವರು ‘ಅಕ್ಕಾವ್ರು’. ಅವರು ನೋಡಿದರೆ ನಾನು ಈಗಲೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತೇನೆ. ಮಗಳಿಗೆ ಹಸಿರು ಸೀರೆ ತಂದವರು ಅವರೇ.

ಪಡಸಾಲೆಯಲ್ಲಿ ಗಂಡಸರ ನಡುವೆ ಕುಳಿತಿದ್ದ ನನಗೆ ಅಡುಗೆಮನೆಯಿಂದ ಸುಮಿತ್ರಾ ಸಂದೇಶ ಕಳಿಸಿದಳು: ‘ಸೀರಿ ಹ್ಯಾಂಗೈತಿ?’ ನಾನು ಹಿತ್ತಲಿಗೆ ಹೋಗಿ, ನಳದ ಹತ್ತಿರ ನಿಂತು, ಸೂಕ್ತ ಉತ್ತರವನ್ನು ಧ್ವನಿಯಲ್ಲಿ ದಾಖಲಿಸಿದೆ:

"ಸಾಲಿ ಬೋರ್ಡಿನ ಬಣ್ಣ ಐತಿ. ಅಕ್ಕಾವ್ರಿಗೆ ಸಾಲಿ ಬಿಟ್ಟರೂ ಬೋರ್ಡ್ ಬಿಡವಲ್ದು. ಒಂದು ಚಾಕ್‌ಪೀಸ್ ತೊಗೊಂಡು ಬಾ, ಸೆರಗಿನ ಮ್ಯಾಲ ಮಗ್ಗಿ ಬರದ ಬಿಡೋಣು."

ಕಳಿಸಿ, ನಕ್ಕು, ಒಳಗೆ ಬಂದೆ. ಬೀಗರು ಹೊರಡುವ ಗಡಿಬಿಡಿ. ಬೀಗಿತ್ತಿಗೆ ಉಡಿ ತುಂಬಬೇಕಿತ್ತು. ಸುಮಿತ್ರಾಳ ಅಕ್ಕ ನನ್ನ ಕೈಗೆ ದೊಡ್ಡ ತಟ್ಟೆ ಕೊಟ್ಟು, "ಗಟ್ಟಿ ಹಿಡೀರಿ, ಎರಡೂ ಕೈಲೆ," ಎಂದರು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಅಡಿಕೆ. ಕೈಯಲ್ಲಿದ್ದ ಫೋನನ್ನು ಒಂದು ನಿಮಿಷವೆಂದು ತಟ್ಟೆಯ ಅಂಚಿನಲ್ಲಿಟ್ಟೆ. ಯಾರೋ ಅದರ ಮೇಲೆ ಮಡಿಚಿದ ರವಿಕೆಯ ಖಣವನ್ನಿಟ್ಟರು. ಅಕ್ಕ ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು, ಖಣವನ್ನು ಅದರಡಿ ಇದ್ದುದರ ಸಮೇತ ಬಾಚಿ ಬೀಗಿತ್ತಿಯ ಸೆರಗಿಗೆ ಹಾಕಿದರು. ಗಂಗಮ್ಮನವರು ಸೆರಗು ಗಂಟು ಕಟ್ಟಿಕೊಂಡರು. ನಾನು ಖಾಲಿ ತಟ್ಟೆ ಹಿಡಿದು ಕೃತಾರ್ಥನಾಗಿ ನಿಂತಿದ್ದೆ.

ಬೀಗರ ಗಾಡಿ ಹೋಗಿ ಅರ್ಧ ತಾಸಾದ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ. ಜೇಬು ಎಂದಿನಂತೆಯೇ ಹಗುರವಾಗಿತ್ತು. ಒಳಗೆ ಏನೂ ಇರಲಿಲ್ಲ.

ಹಾಸಿಗೆ ಝಾಡಿಸಿದೆವು, ಹಿತ್ತಲು ನೋಡಿದೆವು, ಉಪ್ಪಿನಕಾಯಿ ಭರಣಿಯೊಳಗೂ ಸೌಟು ಆಡಿಸಿದೆವು. ಸುಮಿತ್ರಾ ತನ್ನ ಫೋನಿನಿಂದ ಕರೆ ಮಾಡಿದಳು. ಕಾರ್ಯದ ಮನೆಯೆಂದು ನಾನು ಗಂಟೆ ನಿಲ್ಲಿಸಿ ಬರೀ ನಡುಗುವಂತೆ ಇಟ್ಟಿದ್ದೆ. ಎಲ್ಲಿಯೂ ಏನೂ ನಡುಗಲಿಲ್ಲ. ಕೊನೆಗೆ ಅವಳೇ ನಿಂತು ಕೇಳಿದಳು.

"ತಟ್ಟಿ ಹಿಡಿಯೂ ಮುಂದ ಫೋನ್ ಎಲ್ಲಿತ್ರಿ?"

ಹೇಳಿದೆ.

ಸುಮಿತ್ರಾ ಕುರ್ಚಿಯಲ್ಲಿ ಕುಳಿತಳು. "ಮಗ್ಗಿ ಬರಿಯೂದು ಅದರಾಗನ ಐತೇನ್ರಿ?"

"ಐತಿ."

"ವಿದ್ಯಾ ನಾಳೆ ಅದ ಮನ್ಯಾಗ ಬಾಳೇ ಮಾಡಬೇಕ್ರಿ."

ಅಲ್ಲಿಯ ತನಕ ನನಗೆ ಫೋನು ಹೋದ ಚಿಂತೆ ಇತ್ತು. ಈಗ ನಿಜವಾದ ಭಯ ಬಂತು. ಮಗಳು ಒಳಗೆ ಮಲಗಿದ್ದಳು. ಬೀಗಿತ್ತಿಗೆ ಕರೆ ಮಾಡಿ ವಿಷಯ ತಿಳಿಸೋಣವೆಂದರೆ ಅವರು ನನ್ನ ಫೋನು ತೆಗೆದು ನೋಡುವುದು ಖಾತ್ರಿ. ಉಡಿಯನ್ನು ಮನೆಗೊಯ್ದು ದೇವರ ಮುಂದೆ ಸುರಿದಿಟ್ಟು, ದೀಪ ಹಚ್ಚಿದ ಮೇಲೆಯೇ ಅದಕ್ಕೆ ಕೈ ಹಚ್ಚುವುದು ಅವರ ಪದ್ಧತಿ. ಅಂದರೆ ಸಂಜೆಯ ತನಕ ಅವಧಿ ಇತ್ತು. ನಾನು ಬಸ್ಸು ಹತ್ತಿದೆ.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಬೀಗರ ಬಾಗಿಲು ತಟ್ಟಿದಾಗ ಗಂಗಮ್ಮನವರೇ ಬಂದರು. ಗುಂಡಿ ಹಾಕಿಕೊಂಡೆ.

"ಇದೇನ್ರಿ ಬೀಗರ, ಈಗರೆ ನಿಮ್ಮನಿಯಿಂದ ಬಂದೇವಿ?"

"ಇಲ್ಲೇ ಕೆಲಸ ಇತ್ತರಿ. ಮನಿ ಮುಟ್ಟಿದ್ರೋ ಇಲ್ಲೋ ನೋಡಿ ಹೋಗೋಣಂತ."

ಇಷ್ಟು ಕಾಳಜಿಯ ಬೀಗರನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ. ಕೂರಿಸಿ ಚಹಾ ಇಡಲು ಒಳಗೆ ಹೋದರು. ಎದುರಿಗೇ ದೇವರ ಜಗಲಿ. ಜಗಲಿಯ ಮೇಲೆ ಹಿತ್ತಾಳೆ ಹರಿವಾಣದಲ್ಲಿ ನಮ್ಮ ಮನೆಯ ಅಕ್ಕಿ, ಕೊಬ್ಬರಿ, ಖಣ ಎಲ್ಲ ಸುರಿದಿತ್ತು. ಫೋನು ಅಕ್ಕಿಯ ಒಳಗೆಲ್ಲೋ ಹೂತಿರಬೇಕು. ಪಕ್ಕದಲ್ಲಿ ಗಂಗಮ್ಮನವರ ಅತ್ತೆ, ತೊಂಬತ್ತು ಮುಟ್ಟಿದ ಅಜ್ಜಿ, ಕಾವಲಿಗೆ ಕುಳಿತಂತೆ ಕುಳಿತಿದ್ದರು.

ನಾನು ಭಕ್ತಿಯಿಂದ ಎದ್ದು ಜಗಲಿಗೆ ನಮಸ್ಕಾರ ಮಾಡಿದೆ. ಹತ್ತಿರ ಸರಿದು ಇನ್ನೊಮ್ಮೆ ಮಾಡಿದೆ. ಮೂರನೆಯ ನಮಸ್ಕಾರಕ್ಕೆ ನನ್ನ ಬೆರಳು ಹರಿವಾಣದ ಅಂಚಿಗೆ ಬಂದಿತ್ತು. ಆಗ ಅಕ್ಕಿ ಅಲುಗಾಡತೊಡಗಿತು. ಕಾಳು ಕುಣಿದವು, ಅಡಿಕೆ ಉರುಳಿತು, ಹಿತ್ತಾಳೆ ಗುಂಯ್‌ಗುಟ್ಟಿತು.

ಅಜ್ಜಿ ಕೈ ಮುಗಿದರು. "ಗಂಗವ್ವಾ, ಲಗೂ ಬಾ. ಉಡಿ ಅಕ್ಕಿ ಅಳ್ಳಾಡಾಕತ್ತೈತಿ. ಬೀಗರ ಭಕ್ತಿಗೆ ದೇವರು ಒಲದಾನ."

ಗಂಗಮ್ಮನವರು ಬಂದರು. ಮೂವತ್ತು ವರ್ಷ ಮಕ್ಕಳ ಚೀಲ ತಪಾಸಣೆ ಮಾಡಿದವರು ಅವರು. ಅಕ್ಕಿಗೆ ಕೈ ಹಾಕಿ, ಒಂದೇ ಸಲಕ್ಕೆ ಫೋನು ಹೊರತೆಗೆದು, ಹಸಿರು ಗುರುತು ಒತ್ತಿದರು. ನನ್ನ ಹೆಂಡತಿಯ ಧ್ವನಿ ಸ್ಪೀಕರಿನಲ್ಲಿ ದೇವರ ಜಗಲಿಯನ್ನೆಲ್ಲ ತುಂಬಿತು.

"ಸಿಕ್ಕಿತೇನ್ರಿ? ಇಷ್ಟೊತ್ತಿಗೆ ನಿಮ್ಮ ಕೈಗೆ ಬಂದಿರತೈತಂತ ಹಚ್ಚಿದೆ. ಎತ್ತಿದ್ರಲ್ಲ, ಸಾಕು. ಮೊದಲ ಆ ಸೀರಿ ಬಗ್ಗೆ ಹೇಳಿದ್ದು ಅಳಸ್ರಿ. ಅಕ್ಕಾವ್ರು ಕೇಳಿದ್ರ ಮುಗೀತು ನಮ್ಮ ಕಥಿ."

"ನಾ ಅಕ್ಕಾವ್ರ ಮಾತಾಡಾಕತ್ತೇನಿ," ಎಂದರು ಗಂಗಮ್ಮನವರು.

ಆ ಕಡೆಯಿಂದ ಕರೆ ಕಡಿಯಿತು.

"ಕೇಳಲೇನ್ರಿ?" ಎಂದರು ಗಂಗಮ್ಮನವರು ನನ್ನತ್ತ ತಿರುಗಿ. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳು ನಾನು ಸುಮಿತ್ರಾಳಿಗೆ ಕಳಿಸಿದ್ದ ಸಂದೇಶವನ್ನು ತೆರೆದು, ಅದರ ಸಾಸಿವೆ ಕಾಳಿನಷ್ಟಿರುವ ಗುಂಡಿಯನ್ನು ಒತ್ತಿಯಾಗಿತ್ತು. ನನಗೆ ಅದು ಒಂದು ದಿನವೂ ಮೊದಲ ಸಲಕ್ಕೆ ಸಿಕ್ಕಿದ್ದಿಲ್ಲ. ಬೋರ್ಡು, ಚಾಕ್‌ಪೀಸ್, ಮಗ್ಗಿ, ಕೊನೆಗೆ ನನ್ನ ನಗು, ಒಂದೂ ಬಿಡದೆ ಕೇಳಿಸಿತು. ಮಾತಿಗಿಂತ ಆ ನಗುವೇ ಹೆಚ್ಚು ಅಸಹ್ಯವಾಗಿತ್ತು.

ಗಂಗಮ್ಮನವರು ಸಿಟ್ಟಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. "ನಾ ಗಿಳಿ ಹಸಿರು ತೋರಿಸಿದ್ದೆ ಬೀಗರ," ಎಂದರು ಮೆಲ್ಲಗೆ. "ವಿದ್ಯಾನ ಇದನ್ನ ಆರಿಸಿದ್ಲು. ‘ನಮ್ಮ ಅಪ್ಪಗ ಈ ಬಣ್ಣ ಅಂದ್ರ ಭಾಳ ಜೀವ ರೀ ಅತ್ತಿ’ ಅಂದ್ಲು."

ನಾನು ತಲೆ ತಗ್ಗಿಸಿ ಅಕ್ಕಿ ನೋಡುತ್ತ ನಿಂತೆ. ಬಹಳ ನಾಚಿಕೆಯಾಯಿತು. "ತಪ್ಪಾತ್ರಿ," ಎಂದೆ.

"ಚಹಾ ಕುಡೀರಿ," ಎಂದರು ಅವರು.

ಫೋನು ಮಾತ್ರ ವಾಪಸು ಬರಲಿಲ್ಲ. ಉಡಿಯಲ್ಲಿ ಬಂದದ್ದನ್ನು ಹೊಳ್ಳಿ ಕೊಟ್ಟರೆ ಬಸುರಿಗೆ ಒಳ್ಳೆಯದಲ್ಲ ಎಂದು ಅಜ್ಜಿ ಅಪ್ಪಣೆ ಮಾಡಿದರು. ಗಂಗಮ್ಮನವರು ಸೀರೆಯ ಪಿನ್ನಿನಿಂದ ಸಿಮ್ಮು ತೆಗೆದು ನನ್ನ ಕೈಗಿಟ್ಟರು. ಅಜ್ಜಿ ಫೋನನ್ನು ಎಲೆ ಅಡಿಕೆಯ ಚೀಲದಲ್ಲಿ ಹಾಕಿ ನೋಡಿ, "ಅಳತಿ ಕೊಟ್ಟು ಮಾಡಿಸಿದಂಗ ಐತಿ," ಎಂದರು. ಸಣ್ಣ ಫೋನನ್ನು ಮನಸಾರೆ ಮೆಚ್ಚಿದ ಎರಡನೆಯ ವ್ಯಕ್ತಿ ಸಿಕ್ಕಿದರೂ ನನಗೆ ಸಂತೋಷವಾಗಲಿಲ್ಲ.

ಮನೆಗೆ ಬಂದಾಗ ವಿದ್ಯಾ ಎದ್ದು, ಅದೇ ಸೀರೆಯಲ್ಲಿ ಕುಳಿತು ಸಜ್ಜಕ ತಿನ್ನುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಅಪ್ಪಾ, ಮುಂಜಾನಿಂದ ನೀ ಒಂದ ಮಾತು ಹೇಳಲಿಲ್ಲ. ಸೀರಿ ಹ್ಯಾಂಗೈತಿ?"

"ಭಾಳ ಛಲೋ ಐತವ್ವಾ. ನಿನಗ ಒಪ್ಪತೈತಿ," ಎಂದೆ. ಖರೇ ಹೇಳಬೇಕೆಂದರೆ ಒಪ್ಪುತ್ತಿತ್ತು.

"ತಡೀರಿ," ಎಂದು ಸುಮಿತ್ರಾ ತನ್ನ ದೊಡ್ಡ ಫೋನನ್ನು ನನ್ನ ಬಾಯಿಯ ಮುಂದೆ ಹಿಡಿದಳು. "ಈಗ ಅಂದದ್ದನ್ನ ಇದರಾಗ ಹೇಳ್ರಿ. ಅಕ್ಕಾವ್ರಿಗೆ ಕಳಸೂದೈತಿ."

ಮೂರು ಸಲ ಹೇಳಬೇಕಾಯಿತು. ಮೊದಲೆರಡರಲ್ಲಿ ವಿನಯ ಸಾಲದೆಂದು ಅವಳೇ ಅಳಿಸಿದಳು.