ಮಾವನ ಏಳು ಕಿಲೋ ಚೀಲ

ನನ್ನ ಸೋದರಮಾವ ವಿಮಾನ ಹತ್ತಿದ್ದು ವಿಮಾನದ ಮೇಲಿನ ಆಸೆಯಿಂದಲ್ಲ, ಬಸ್ಸಿನ ಮೇಲಿನ ಸಿಟ್ಟಿನಿಂದ!

ನೀವು ನಂಬಲಿಕ್ಕಿಲ್ಲ. ಆದರೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರನಾಗಿ ಭಟ್ಕಳ, ಹೊನ್ನಾವರ, ಕುಮಟಾ ಎಂದು ಒಂದೇ ರಸ್ತೆಯಲ್ಲಿ ನಿಂತುಕೊಂಡೇ ಓಡಾಡಿದ ಮನುಷ್ಯ ಅವನು. ನಿವೃತ್ತಿಯ ದಿನ ಕೊರಳಲ್ಲಿ ಹಾರ ಹಾಕಿಕೊಂಡು ಹೊನ್ನಾವರದ ಮನೆಗೆ ಬಂದವನೇ, ಇನ್ನು ಈ ಜನ್ಮದಲ್ಲಿ ಬಸ್ಸು ಹತ್ತುವವನಲ್ಲ ಎಂದು ಅತ್ತೆಯ ಮುಂದೆ ಸಾರಿಬಿಟ್ಟ. ಅತ್ತೆ ನಕ್ಕುಬಿಟ್ಟಳು. ಮಾರನೆಯ ದಿನ ಪೇಟೆಗೆ ಎರಡು ಮೈಲಿ ನಡೆದೇ ಹೋಗಿ, ತರಕಾರಿ ಹೊತ್ತು, ಬೆವರು ಸುರಿಸುತ್ತ ಬಂದಾಗಲೇ ಅವಳಿಗೆ ಇದು ತಮಾಷೆಯಲ್ಲ ಎಂದು ಗೊತ್ತಾದದ್ದು.

ಕರಾವಳಿಗೆ ಆಗ ರೈಲು ಬಂದಿತ್ತು. ಹಾಗಾಗಿ ಕುಮಟಾಕ್ಕೋ ಮಂಗಳೂರಿಗೋ ಹೋಗಲು ಅವನ ಪ್ರತಿಜ್ಞೆಗೆ ಭಂಗವಿರಲಿಲ್ಲ. ತೊಂದರೆ ಶುರುವಾದದ್ದು ಭಟ್ಕಳದ ಹತ್ತಿರದ ಬೆಳಕೆಯಲ್ಲಿ ಹುಟ್ಟಿ ಬೆಳೆದ ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುವವರನ್ನು ಮದುವೆಯಾಗಿ ಬೆಂಗಳೂರಿಗೆ ಹೋದಮೇಲೆ. ಆ ವರ್ಷಗಳಲ್ಲಿ ಹಳಿ ಬದಲಿಸುವ ಕೆಲಸ ನಡೆಯುತ್ತಿದ್ದುದರಿಂದ ಘಟ್ಟ ಹತ್ತುವ ರೈಲು ನಿಂತೇಹೋಗಿತ್ತು. ಉಳಿದದ್ದು ಬಸ್ಸು, ಇಲ್ಲವೇ ಮಂಗಳೂರಿನಿಂದ ವಿಮಾನ. ಬೇರೆ ಯಾರೇ ಆಗಿದ್ದರೂ ಒಂದೋ ಸೋದರಸೊಸೆಯನ್ನು ನೋಡುವ ಆಸೆ ಬಿಡುತ್ತಿದ್ದರು, ಇಲ್ಲವೇ ಹಟ ಬಿಡುತ್ತಿದ್ದರು. ಮಾವ ಎರಡನ್ನೂ ಬಿಡಲಿಲ್ಲ. ಟಿಕೆಟ್ ಅಗ್ಗವಾಗಿರುವ ದಿನ ನೋಡಿ ಬುಕ್ ಮಾಡು ಎಂದು ನನಗೇ ಫೋನು ಮಾಡಿದ.

ಮೊದಲ ಸಲ ನಾನೂ ಜೊತೆಗಿದ್ದೆ. ದೀಪಾವಳಿಗೆಂದು ಊರಿಗೆ ಬಂದವಳು ಅವನನ್ನು ಕರೆದುಕೊಂಡು ಹೊರಟೆ. ಅವನ ಕೈಯಲ್ಲಿದ್ದದ್ದು ಒಂದೇ ಚೀಲ. ಖಾಕಿ ಕ್ಯಾನ್ವಾಸಿನದು, ಎರಡು ಹಿಡಿಕೆಯದು, ಹೊಟ್ಟೆ ಮಾತ್ರ ಊದಿಕೊಂಡದ್ದು. ಅದನ್ನು ಕೌಂಟರಿನಲ್ಲಿ ಕೊಟ್ಟುಬಿಡು, ಕೈ ಬೀಸಿಕೊಂಡು ಹೋಗಬಹುದು ಎಂದೆ. ಮಾವ ನನ್ನನ್ನು ಕನಿಕರದಿಂದ ನೋಡಿದ. ಅವನ ಬಾಯಲ್ಲಿ ಸೊಸೆಯಾದ ನಾನೂ ತಂಗಿಯೇ.

"ಮೂವತ್ತೊಂದು ವರ್ಷ ಊರವರ ಸಾಮಾನು ಟಾಪಿಗೆ ಹಾಕ್ಸಿದವ ನಾನು, ತಂಗಿ. ಟಾಪಿಗೆ ಹೋದ ಸಾಮಾನಿನ ಗತಿ ಎಂತ ಆಗ್ತದೆ ಅಂತ ನಂಗೆ ಗೊತ್ತದೆ."

ಕೈಯಲ್ಲಿ ಒಯ್ಯಲು ಏಳು ಕಿಲೋ ಮಾತ್ರ ಎಂದು ನಾನು ಮೊದಲೇ ಹೇಳಿದ್ದೆ. ಅವನು ಚೀಲವನ್ನು ತೂಗಿಸಿರಲಿಲ್ಲ. ಬಲಗೈಯಲ್ಲಿ ಒಮ್ಮೆ ಎತ್ತಿ, ಎಡಗೈಯಲ್ಲಿ ಒಮ್ಮೆ ಎತ್ತಿ, ಏಳು ಎಂದು ತೀರ್ಪು ಕೊಟ್ಟಿದ್ದ. ಕೌಂಟರಿನ ಹುಡುಗಿ ತಕ್ಕಡಿಯ ಮೇಲೆ ಇಡಿಸಿದಳು. ಏಳು ಕಿಲೋ ಮುನ್ನೂರು ಗ್ರಾಂ ತೋರಿಸಿತು. ಏನಾದರೂ ತೆಗೆಯಬೇಕು ಸರ್ ಎಂದಳು. ಮಾವ ಚೀಲವನ್ನೇ ತೆಗೆದ. ಬರಿದಾದ ತಕ್ಕಡಿಯನ್ನು ಒಮ್ಮೆ ನೋಡಮ್ಮ ಎಂದ. ಏನೂ ಇಲ್ಲದ ತಕ್ಕಡಿ ಮುನ್ನೂರು ಗ್ರಾಂ ತೋರಿಸುತ್ತ ಕೂತಿತ್ತು! ಹುಡುಗಿ ತಬ್ಬಿಬ್ಬಾಗಿ ಯಾರನ್ನೋ ಕರೆಯಲು ಹೋದಳು. ನಮ್ಮ ಹಿಂದೆ ಸಾಲಿನಲ್ಲಿದ್ದ ನಾಲ್ಕೈದು ಜನ ತಮ್ಮ ತಮ್ಮ ಚೀಲಗಳನ್ನು ಮಾವನ ಕೈಗೆ ಕೊಟ್ಟು ತೂಕ ಕೇಳತೊಡಗಿದರು. ನಾನು ಅವನ ಜೊತೆಯವಳಲ್ಲ ಎಂಬಂತೆ ದೂರ ಹೋಗಿ ನಿಂತೆ.

ಆ ದಿನದ ವಿಮಾನ ಚಿಕ್ಕದು. ರೆಕ್ಕೆಗೊಂದು ಫ್ಯಾನು, ಒಳಗೆ ಅರವತ್ತೆಪ್ಪತ್ತು ಸೀಟು. ತಲೆಯ ಮೇಲಿನ ಗೂಡಿನಲ್ಲಿ ಒಂದು ಛತ್ರಿ ಅಡ್ಡ ಇಡಲೂ ಯೋಚಿಸಬೇಕು. ಹಾಗಾಗಿ ಏಣಿಯ ಬುಡದಲ್ಲೇ ಸಿಬ್ಬಂದಿ ನಿಂತು ಉಬ್ಬಿದ ಚೀಲಗಳನ್ನೆಲ್ಲ ಇಸಿದುಕೊಂಡು, ಒಂದು ಚೀಟಿ ಕಟ್ಟಿ, ಮುಂದಿನ ಬಾಗಿಲಿನಿಂದ ಸಾಮಾನಿನ ಕೋಣೆಗೆ ಹಾಕುತ್ತಿದ್ದರು. ಇಳಿದ ಕೂಡಲೇ ಇಲ್ಲೇ ಏಣಿಯ ಬಳಿ ವಾಪಸ್ ಕೊಡ್ತೇವೆ ಎಂದರು. ಮಾವನಿಗೆ ಎರಡು ಸಂಶಯ. ಒಂದು, ಚೀಟಿಯ ಅರ್ಧ ತನಗೆ ಕೊಡದೆ ಬರೀ ಚೀಲಕ್ಕೆ ಕಟ್ಟಿದರೆ ಅದು ಯಾವ ಸೀಮೆಯ ಲಗೇಜ್ ಟಿಕೆಟು? ಅರ್ಧ ಹರಿದು ಕೈಗೆ ಕೊಡುವವರೆಗೂ ಅವನು ಹಿಡಿಕೆ ಬಿಡಲಿಲ್ಲ. ಎರಡನೆಯದು ಇನ್ನೂ ದೊಡ್ಡದು. ಆ ವಿಮಾನದಲ್ಲಿ ಪೈಲಟ್ಟಿನ ಬೆನ್ನಿಗೇ ಸಾಮಾನಿನ ಕೋಣೆ, ಜನ ಹತ್ತುವುದು ಬಾಲದ ಕಡೆಯಿಂದ. ಸಾಮಾನಿಗೆ ಡ್ರೈವರ್ ಹಿಂದಿನ ಸೀಟು, ಜನರಿಗೆ ಹಿಂಬಾಗಿಲು, ಇದು ಎಲ್ಲಿಯ ನ್ಯಾಯ ಎಂದು ಅವನು ಬೆಂಗಳೂರು ಮುಟ್ಟುವವರೆಗೂ ಕೇಳುತ್ತಲೇ ಇದ್ದ.

ಎರಡನೆಯ ಸಲ ಅವನೊಬ್ಬನೇ ಬಂದ. ಚೀಲ ಕೊಡಬೇಕಾಗಬಾರದು ಎಂದು ಈ ಸಲ ತಯಾರಿ ಮಾಡಿಕೊಂಡಿದ್ದ. ಗೂಡಿನ ಎತ್ತರವನ್ನು ಹಿಂದಿನ ಪ್ರಯಾಣದಲ್ಲೇ ಗೇಣು ಹಾಕಿ ಅಳೆದಿದ್ದನಂತೆ! ಚೀಲದ ಹೊಟ್ಟೆಗೆ ಹಗ್ಗ ಬಿಗಿದು ಗೇಣಿನ ಲೆಕ್ಕಕ್ಕೆ ತಂದ. ಮೇಲೆ ಹತ್ತಿ ನೋಡಿದರೆ ಗೂಡು ಆಗಲೇ ತುಂಬಿತ್ತು. ಗಗನಸಖಿ ಒಂದು ಪೆಟ್ಟಿಗೆಯನ್ನು ದೂಡಿ ದೂಡಿ ಸುಸ್ತಾಗಿದ್ದಳು. ಮಾವನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಕೆಳಗಿಳಿಸಿದ. ಗಟ್ಟಿ ಪೆಟ್ಟಿಗೆಗಳನ್ನು ಬದಿಗೆ ಮಾಡಿ, ಮೆತ್ತನೆಯ ಚೀಲಗಳನ್ನು ಸಂದಿಗೆ ತುರುಕಿ, ಹಿಡಿಕೆಗಳನ್ನೆಲ್ಲ ಒಳಗೆ ತಿರುಗಿಸಿ, ನಡುದಾರಿಯಲ್ಲಿ ನಿಂತವರಿಗೆ ಹಿಂದೆ ಜಾಗ ಅದೆ, ಹಿಂದೆ ಹೋಗಿ ಎಂದು ಹಳೆಯ ದನಿಯಲ್ಲಿ ಹೇಳಿದ. ಜನ ಹೋದರಂತೆ! ಗೂಡಿನ ಬಾಗಿಲು ಟಕ್ಕೆಂದು ಮುಚ್ಚಿತು. ಗಗನಸಖಿ ಅವನಿಗೆ ಎರಡು ಲೋಟ ಕಿತ್ತಳೆ ರಸ ಕೊಟ್ಟಳು. ಮೂವತ್ತೊಂದು ವರ್ಷದಲ್ಲಿ ಯಾವ ಪ್ರಯಾಣಿಕನೂ ನನಗೆ ನೀರು ಬೇಕೋ ಎಂದು ಕೇಳಿರಲಿಲ್ಲ ಎಂದು ಮಾವ ನಮ್ಮ ಮನೆಗೆ ಬಂದು ಹೇಳಿದ. ಅದನ್ನು ಹೇಳುವಾಗ ಮಾತ್ರ ಅವನು ನಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಚೀಲದಲ್ಲಿ ಇದ್ದದ್ದು ನನಗಾಗಿ ಅತ್ತೆ ಕಟ್ಟಿಕೊಟ್ಟ ಒಣ ಸಿಗಡಿ. ನಾಲ್ಕು ಪ್ಲಾಸ್ಟಿಕ್ಕು, ಮೂರು ಪೇಪರು ಸುತ್ತಿದ್ದಳು. ಆದರೆ ಒಣ ಸಿಗಡಿ ಕಾಗದಕ್ಕೆ ಹೆದರುವ ಜಾತಿಯದೇ? ವಿಮಾನ ಮೇಲೇರಿದ ಹತ್ತು ನಿಮಿಷಕ್ಕೆ ಇಡೀ ವಿಮಾನ ಮೀನುಪೇಟೆಯಾಯಿತು. ಕೆಲವರು ಮೂಗಿಗೆ ಕರವಸ್ತ್ರ ಹಿಡಿದರು. ಗಗನಸಖಿ ಶೌಚಾಲಯದ ಬಾಗಿಲು ಎರಡು ಸಲ ತೆರೆದು ನೋಡಿದಳು. ಮಾವ ಕಿಟಕಿಯಾಚೆಯ ಮೋಡಗಳನ್ನು ಅತ್ಯಂತ ಭಕ್ತಿಯಿಂದ ನೋಡುತ್ತ ಕೂತ. ಇಳಿಯುವಾಗ ಹಿಂದಿನ ಸೀಟಿನಲ್ಲಿದ್ದ ಕೋಟು ತೊಟ್ಟ ಮನುಷ್ಯ ಅವನ ಕಿವಿಗೆ ಬಾಗಿ, ಮೆಲ್ಲಗೆ, ನಮ್ಮ ಕಡೆಯ ಮಾತಿನಲ್ಲೇ ಕೇಳಿದನಂತೆ:

"ಹೊನ್ನಾವರದ್ದೋ, ತೆಂಗಿನಗುಂಡಿ ಬಂದರದ್ದೋ?"

ಅರ್ಧ ಪೊಟ್ಟಣ ಆ ಕೋಟಿನವನ ಪಾಲಾಯಿತು. ಅತ್ತೆ ಕಳಿಸಿದ್ದರಲ್ಲಿ ನನಗೆ ಸಿಕ್ಕಿದ್ದು ಉಳಿದರ್ಧ!

ಹೀಗೆ ನಾಲ್ಕೈದು ಸಲ ಬಂದು ಹೋದ. ಚೀಲ ಕೊಡಬೇಕಾಗಿ ಬಂದಾಗಲೆಲ್ಲ ಅರ್ಧ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟು, ಇಳಿದವನೇ ಮೊದಲಿಗನಾಗಿ ಏಣಿಯ ಬಳಿ ನಿಂತು, ತನ್ನ ಚೀಲ ಬಂದಮೇಲೂ ಉಳಿದವರದೆಲ್ಲ ಸರಿಯಾಗಿ ಸಿಕ್ಕಿತೋ ಎಂದು ನೋಡಿಯೇ ಹೊರಡುತ್ತಿದ್ದ. ನಮ್ಮವರು ಇದನ್ನೆಲ್ಲ ತಮ್ಮ ಬ್ಯಾಂಕಿನಲ್ಲಿ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಆಮೇಲೆ ನಾನು ಬಸುರಿಯಾದೆ. ಏಳನೆಯ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ. ತವರಿನಿಂದ ಸೀರೆ, ಬಳೆ, ಉಂಡೆ, ಹೂವು ಬರಬೇಕು. ನನ್ನ ಅಮ್ಮ ತೀರಿಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನಿಗೆ ಅದೇ ವಾರ ಕಣ್ಣಿನ ಆಪರೇಷನ್ ಆಗಿತ್ತು. ಅವರನ್ನು ನೋಡಿಕೊಳ್ಳಲು ಅತ್ತೆ ಬೆಳಕೆಯಲ್ಲಿ ಉಳಿದಳು. ತವರು ಎಂದು ಬರಬೇಕಾದವನು ಮಾವ ಒಬ್ಬನೇ. ನಾನು ಬರ್ತೆ, ಎಲ್ಲ ತರ್ತೆ, ನೀನು ಚಿಂತೆ ಮಾಡ್ಬೇಡ ಎಂದು ಫೋನಿನಲ್ಲಿ ಹೇಳಿದ.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಶಾಸ್ತ್ರದ ಹಿಂದಿನ ದಿನ ಬೆಳಿಗ್ಗೆ ಅವನು ರೈಲಿನಲ್ಲಿ ಭಟ್ಕಳಕ್ಕೆ ಹೋಗಿ, ಪೇಟೆಯಲ್ಲಿ ಮಲ್ಲಿಗೆ ದಂಡೆ ತೆಗೆದುಕೊಂಡು, ಒದ್ದೆ ಬಾಳೆಲೆಯಲ್ಲಿ ಕಟ್ಟಿಸಿ, ಮುಂದಿನ ರೈಲಿನಲ್ಲಿ ಮಂಗಳೂರಿಗೆ ಹೊರಟ. ಹೂವು ಹೊನ್ನಾವರದಲ್ಲೂ ಸಿಗುತ್ತಿತ್ತು. ಆದರೆ ನನ್ನ ಅಮ್ಮ ಮುಡಿಯುತ್ತಿದ್ದದ್ದು ಭಟ್ಕಳದ ಪೇಟೆಯಿಂದ ತಂದದ್ದನ್ನೇ ಎಂಬುದು ಅವನಿಗೆ ನೆನಪಿತ್ತು.

ಅಂದಿನ ವಿಮಾನದಲ್ಲಿ ನಡೆದದ್ದನ್ನು ಅವನು ನನಗೆ ತಡವಾಗಿ ಹೇಳಿದ. ಏಣಿಯ ಬುಡದಲ್ಲಿ ಚೀಲ ಇಸಿದುಕೊಂಡರು. ಹೂವಿನ ಪೊಟ್ಟಣವನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಹತ್ತಿದ. ಎಲ್ಲರೂ ಕೂತಮೇಲೆ ಪ್ರಕಟಣೆ ಬಂತು. ಬೆಂಗಳೂರಿನಲ್ಲಿ ಹವಾಮಾನ ಸರಿಯಿಲ್ಲ, ಹೆಚ್ಚು ಇಂಧನ ತುಂಬಿಸಿಕೊಳ್ಳಬೇಕು, ತೂಕ ಇಳಿಸಲು ಕೆಲವು ಚೀಲಗಳನ್ನು ಇಲ್ಲೇ ಬಿಟ್ಟು ನಾಳೆಯ ವಿಮಾನದಲ್ಲಿ ಕಳಿಸುತ್ತೇವೆ ಎಂದು. ಕಿಟಕಿಯಿಂದ ನೋಡಿದರೆ ಮುಂದಿನ ಬಾಗಿಲಿನಿಂದ ನಾಲ್ಕೈದು ಚೀಲ ಇಳಿಸುತ್ತಿದ್ದರು. ಅದರಲ್ಲಿ ಖಾಕಿ ಚೀಲ ಇರಲಿಲ್ಲ. ಮಾವ ನಿರಾಳವಾಗಿ ಬೆನ್ನು ಒರಗಿಸಿದ.

ಆಗ ಮುಂದಿನ ಸಾಲಿನಲ್ಲಿದ್ದ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬಳು ಎದ್ದು ನಿಂತು ಅಳತೊಡಗಿದಳು. ಅವಳು ಮಾತಾಡುತ್ತಿದ್ದದ್ದು ಭಟ್ಕಳದ ಮುಸ್ಲಿಮರಾಡುವ ನವಾಯತಿ. ಗಗನಸಖಿಗೆ ಒಂದಕ್ಷರ ಅರ್ಥವಾಗಲಿಲ್ಲ. ಭಟ್ಕಳದ ಜನರಿಗೆ ಮೂವತ್ತೊಂದು ವರ್ಷ ಟಿಕೆಟ್ ಹರಿದುಕೊಟ್ಟ ಮಾವನಿಗೆ ಎಲ್ಲ ಅರ್ಥವಾಯಿತು. ಅವಳ ಗಂಡ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ. ಮರುದಿನ ಬೆಳಿಗ್ಗೆ ಆಪರೇಷನ್. ಡಾಕ್ಟರು ಕೇಳಿದ ಹಳೆಯ ಸ್ಕ್ಯಾನುಗಳೆಲ್ಲ ಕೆಳಗಿಳಿಸಿದ ಅವಳ ನೀಲಿ ಚೀಲದಲ್ಲಿವೆ.

ಮಾವ ಗಗನಸಖಿಗೆ ವಿಷಯ ಹೇಳಿದ. ಅವಳು ಕೆಳಗಿನವರಿಗೆ ಹೇಳಿದಳು. ನೀಲಿ ಚೀಲ ಮೇಲೆ ಹಾಕಿದರೆ ಬೇರೆ ಯಾವುದಾದರೂ ಇಳಿಯಬೇಕು, ತೂಕ ಆಗಲೇ ಬರೆದಾಗಿದೆ ಎಂದು ಅವರು ಅಂದರು. ವಿಮಾನದಲ್ಲಿ ಯಾರೂ ತಮ್ಮ ಚೀಲ ಇಳಿಸಿ ಎನ್ನಲಿಲ್ಲ. ತಾನೂ ಮೊದಲು ಕಿಟಕಿಯ ಕಡೆ ತಿರುಗಿದೆ ಎಂದು ಮಾವ ಒಪ್ಪಿಕೊಂಡ. ಆಮೇಲೆ ಎದ್ದು, ಏಣಿ ಇಳಿದು, ತನ್ನ ಅರ್ಧ ಚೀಟಿ ತೋರಿಸಿ ಖಾಕಿ ಚೀಲವನ್ನು ಹೊರಗೆ ತೆಗೆಸಿದ. ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ನೋಡಿದ.

"ಇದು ಆರೂವರೆ, ನಂದು ಏಳು. ನಿಮ್ಗೆ ಲಾಭವೇ ಆತು. ಹಾಕಿ."

ಹಿಂದಿರುಗಿ ಬಂದಾಗ ಆ ಹೆಂಗಸು ಅವನ ಹೂವಿನ ಪೊಟ್ಟಣವನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಗಗನಸಖಿ ಅದನ್ನು ತೆಗೆದುಕೊಂಡು ಹೋಗಿ, ಐಸ್ ತುಂಬಿದ ಡಬ್ಬಿಯ ಪಕ್ಕದಲ್ಲಿಟ್ಟು, ಬೆಂಗಳೂರಿನಲ್ಲಿ ಇಳಿಯುವಾಗ ಕೈಗೆ ಕೊಟ್ಟಳು.

ಸಂಜೆ ನಾನು ಬಾಗಿಲು ತೆಗೆದಾಗ ಅವನ ಕೈಯಲ್ಲಿ ಚೀಲ ಇರಲಿಲ್ಲ. ನನಗೆ ನಗು ಬಂತು. ಕೊನೆಗೂ ಕಳಕೊಂಡೆಯಾ ಮಾವ ಎಂದೆ. ಅವನು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತ.

"ಸೀರೆ, ಬಳೆ ಎಲ್ಲ ನಾಳೆ ಮಧ್ಯಾಹ್ನ ಬತ್ತದೆ. ಶಾಸ್ತ್ರಕ್ಕೆ ಸಿಗೂದಿಲ್ಲ, ತಂಗಿ. ಹೂವೊಂದೇ ತಂದೆ."

ಏನಾಯಿತು ಎಂದು ಎಷ್ಟು ಕೇಳಿದರೂ ಅಂದು ಹೇಳಲಿಲ್ಲ. ಅತ್ತೆಮನೆಯವರ ಮುಂದೆ ತವರು ಬರಿಗೈಯಲ್ಲಿ ಬಂದ ಹಾಗಾಯಿತಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಇದ್ದುದರಲ್ಲಿ ಒಳ್ಳೆಯ ಸೀರೆ ತೆಗೆದಿಟ್ಟು ಮಲಗಿದೆ.

ಬೆಳಿಗ್ಗೆ ಶಾಸ್ತ್ರಕ್ಕೆ ಕೂತಾಗ, ತವರಿನ ಹೂವನ್ನು ತವರಿನವರೇ ಮುಡಿಸಬೇಕು, ಯಾರಿದ್ದೀರಿ ಎಂದು ನಮ್ಮವರ ತಾಯಿ ಕೇಳಿದರು. ಬಂದಿದ್ದ ಹೆಂಗಸರೆಲ್ಲ ಅವರ ಕಡೆಯವರೇ. ಮೂಲೆಯಲ್ಲಿ ನಿಂತಿದ್ದ ಮಾವ ಕೈ ತೊಳೆದುಕೊಂಡು ಬಂದ. ಬಾಳೆಲೆ ಬಿಚ್ಚಿದ. ಒಂದು ಮೊಗ್ಗೂ ಬಾಡಿರಲಿಲ್ಲ. ನನ್ನ ಬೆನ್ನ ಹಿಂದೆ ಮೊಣಕಾಲೂರಿ ಕೂತು ಹೇರ್‌ಪಿನ್ ಹಲ್ಲಿನಲ್ಲಿ ಕಚ್ಚಿಕೊಂಡ. ಜನಜಂಗುಳಿಯಲ್ಲಿ ಒಂದೇ ಕೈಯಲ್ಲಿ ನೋಟು ಮಡಚಿ, ಚಿಲ್ಲರೆ ಎಣಿಸಿ, ಟಿಕೆಟ್ ಹರಿದ ಆ ಬೆರಳುಗಳು ನನ್ನ ಜಡೆಯಲ್ಲಿ ದಾರಿ ತಪ್ಪಿದವು.

"ಅಕ್ಕ ಇದ್ದಿದ್ರೆ ಚಂದ ಮುಡಿಸ್ತಿದ್ಲು," ಎಂದ ನನಗೆ ಮಾತ್ರ ಕೇಳುವ ಹಾಗೆ. "ನಂಗೆ ಇದೆಲ್ಲ ಬರೂದಿಲ್ಲ, ತಂಗಿ. ಬಿದ್ರೆ ಹೇಳು, ಮತ್ತೊಂದ್ಸಲ ಮುಡಿಸ್ತೆ."

ದಂಡೆ ಒಂದು ಕಡೆ ವಾಲಿತ್ತು, ಪಿನ್ನು ತಲೆಗೆ ಚುಚ್ಚುತ್ತಿತ್ತು. ನಾನು ಕತ್ತು ಅಲುಗಿಸದೆ ಕೂತೆ. ಆರತಿಯಾಯಿತು, ಊಟವಾಯಿತು, ಬಂದವರೆಲ್ಲ ಹೋದರು. ಹೂವು ಬೀಳಲಿಲ್ಲ.