ಕೇಂದ್ರ ಕಚೇರಿಗೆ ಹಾಲುಕ್ಕಿಸಿದ್ದು

ಮೊಮ್ಮಗು ಹುಟ್ಟಿದ ಮನೆಯಲ್ಲಿ ಅಜ್ಜಿಯ ಬುದ್ಧಿ ರಜೆ ಹಾಕಿ ಹೋಗಿರುತ್ತದೆ. ಇದು ಬೇರೆಯವರನ್ನು ನೋಡಿ ಹೇಳುವ ಮಾತಲ್ಲ, ನನ್ನ ಮನೆಯದೇ ಮಾತು. ನಮ್ಮ ಗೌರಿಗೆ ಕೆಳಗಡೆ ಎರಡು ಹಲ್ಲು ಮೂಡಿದ ದಿನ ಅದನ್ನು ಸೊಪ್ಪಿನವಳಿಗೆ ಹೇಳಿದೆ, ಸಿಲಿಂಡರ್ ತಂದವನಿಗೆ ಹೇಳಿದೆ, ಹೊಸ ಸಿಮ್ ಬೇಕಾ ಅಂತ ಫೋನ್ ಮಾಡಿದ ಯಾವುದೋ ಊರಿನ ಹುಡುಗಿಗೂ ಹೇಳಿದೆ. ಆ ಹುಡುಗಿ ಪಾಪ, "ಒಳ್ಳೇದಾಗ್ಲಿ ಮೇಡಂ" ಅಂತ ಸಿಮ್ಮಿನ ವಿಷಯ ಮರೆತು ಫೋನಿಟ್ಟಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅರ್ಜಿ ಬರೆಯುವಷ್ಟು ಅಕ್ಷರ ಬರುತ್ತದೆ, ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಅರ್ಥವಾಗುವಷ್ಟು ಬರುವುದಿಲ್ಲ. ಈಗ ಬರೆಯುತ್ತಿರುವುದರ ಕಾಗುಣಿತವನ್ನು ಮಗಳು ಶೈಲಾ ತಿದ್ದಿದ್ದಾಳೆ. ಬುದ್ಧಿ ತಿದ್ದುವುದು ತನ್ನ ಕೈಲಾಗುವುದಿಲ್ಲ ಅಂದಿದ್ದಾಳೆ.

ಶೈಲಾ ಶಿವಮೊಗ್ಗದಲ್ಲಿ ಸರ್ಕಾರದ ಒಂದು ನಿಗಮದ ಕೇಂದ್ರ ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ಗಂಡನ ಮನೆಯೂ ಅಲ್ಲೇ, ಗಾಂಧಿ ಬಜಾರಿನ ಹಿಂದೆ. ಬಾಣಂತನಕ್ಕೆ ಅಂತ ಭದ್ರಾವತಿಗೆ, ನ್ಯೂ ಟೌನಿನ ನಮ್ಮ ಮನೆಗೆ ಬಂದವಳು ಆರು ತಿಂಗಳು ಇದ್ದಳು. ಆ ಆರು ತಿಂಗಳು ನನಗೆ ಮಂಡಿನೋವು ಅಂತ ಒಂದಿದೆ ಅನ್ನುವುದೇ ನೆನಪಿರಲಿಲ್ಲ. ಆದರೆ ರಜೆ ಮುಗಿಯುತ್ತಾ ಬಂತು. ಗೌರಿ ಮುಂದಿನ ತಿಂಗಳು ಶಿವಮೊಗ್ಗಕ್ಕೆ, ನಮ್ಮ ಬೀಗಿತ್ತಿ ಗಿರಿಜಕ್ಕನ ಮಡಿಲಿಗೆ ಹೋಗುವುದು ಅಂತ ಆಯಿತು. ಗಿರಿಜಕ್ಕ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಅಷ್ಟರಲ್ಲಿ ಶೈಲಾ ಒಂದು ಸುದ್ದಿ ಹೇಳಿದಳು. ಅವರ ಕಚೇರಿಯ ಹಳೇ ಕಟ್ಟಡ ಸೋರುತ್ತಿದೆಯಂತೆ, ಕಡತಗಳಿಗೆಲ್ಲ ಟಾರ್ಪಾಲು ಹೊದಿಸಿದ್ದಾರಂತೆ, ಕೇಂದ್ರ ಕಚೇರಿಯನ್ನೇ ಬೇರೆ ಕಡೆಗೆ ಸಾಗಿಸಬೇಕಂತೆ. ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜಾಗ ನೋಡಿದ್ದಾರೆ, ಶಂಕರಘಟ್ಟದ ಕಡೆ ಒಂದು ನೋಡಿದ್ದಾರೆ, ಇನ್ನೊಂದು ನ್ಯೂ ಟೌನಿನಲ್ಲಿ, ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ ಖಾಲಿ ಬಿದ್ದಿರುವ ಕಟ್ಟಡ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆಫೀಸು ಇಲ್ಲಿಗೆ ಬಂದರೆ ಶೈಲಾ ದಿನಾ ಬೆಳಿಗ್ಗೆ ಮಗುವನ್ನು ಕರೆದುಕೊಂಡು ಬಂದು ನನ್ನ ಹತ್ತಿರ ಬಿಟ್ಟು, ಸಂಜೆ ಕರೆದುಕೊಂಡು ಹೋಗಬಹುದು. ಇಷ್ಟು ಸುಲಭದ ವಿಷಯಕ್ಕೆ ಸಮಿತಿ ಯಾಕೆ ಬೇಕು ಅಂತ ನನಗೆ ಅನ್ನಿಸಿತು.

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎಲ್ಲದಕ್ಕೂ ಅಳತೆ ಹಿಡಿಯುವ ಅಭ್ಯಾಸ. "ಕೇಂದ್ರ ಕಚೇರಿ ಅಂದ್ರೆ ಎಲ್ಲಾ ತಾಲೂಕಿಗೂ ಮಧ್ಯದಲ್ಲಿ ಇರಬೇಕು ಮಾರಾಯ್ತಿ, ಅದಕ್ಕೇ ಕೇಂದ್ರ ಅನ್ನೋದು" ಅಂದರು.

"ತೊಟ್ಟಿಲು ಎಲ್ಲಿದ್ಯೋ ಅದೇ ಮಧ್ಯ" ಅಂದೆ.

"ಹಂಗಂತ ಸರ್ಕಾರಕ್ಕೆ ಬರ್ಕೊಡು."

ಅತ್ತ ಗಿರಿಜಕ್ಕನೂ ಸುಮ್ಮನಿರಲಿಲ್ಲ. ದಿನಾ ಸಂಜೆ ಮಗು ನೋಡಲಿಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದವರು ಒಂದು ದಿನ ತಣ್ಣಗೆ, "ಬಸ್ ಸ್ಟ್ಯಾಂಡ್ ಹತ್ರದ ಜಾಗವೇ ಆಗತ್ತಂತೆ ಕಣ್ರೀ, ಅವರ ಆಫೀಸಿನ ಸಾಹೇಬ್ರ ಮನೇನೂ ಈ ಕಡೆಗೇ ಅಲ್ವಾ" ಅಂದರು. ನಾನೂ ತಣ್ಣಗೆ, "ಅಲ್ಲಿ ಧೂಳು ಜಾಸ್ತಿ ಕಣ್ರೀ, ಕಡತ ಹಾಳಾಗತ್ತೆ" ಅಂದೆ. ಇಬ್ಬರು ಮುದುಕಿಯರು ಸರ್ಕಾರದ ಕಡತಗಳ ಬಗ್ಗೆ ಇಷ್ಟು ಕಾಳಜಿಯಿಂದ ಮಾತಾಡಿದ್ದು ನಮ್ಮ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು.

ಸೋಮವಾರ ಸಾಹೇಬರು ನ್ಯೂ ಟೌನಿನ ಕಟ್ಟಡ ನೋಡಲಿಕ್ಕೆ ಬರುವುದು ಅಂತ ಗೊತ್ತಾಯಿತು. "ಅಮ್ಮಾ, ನೀನು ಸೋಮವಾರ ಆ ಕಡೆ ತಲೆ ಹಾಕ್ಬೇಡ" ಅಂತ ಶೈಲಾ ಖಡಾಖಂಡಿತ ಹೇಳಿದಳು. ತಾಯಿ ಅಂದಮೇಲೆ ಮಗಳ ಮಾತಿಗೆ ಬೆಲೆ ಕೊಡಬೇಕು. ಅದಕ್ಕೇ ನಾನು ಭಾನುವಾರ ಹೋದೆ.

ಆ ಕಟ್ಟಡದ ಬೀಗದ ಕೈ ಇದ್ದಿದ್ದು ಸೆಲ್ವಿಯ ಹತ್ತಿರ. ಅವಳ ಗಂಡ ಅಲ್ಲಿ ವಾಚ್‌ಮನ್. ಅವಳು ನಮ್ಮ ಬೀದಿಯಲ್ಲೇ ಬೆಳೆದವಳು, ಗೌರಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳೂ ಅವಳೇ. ಇಬ್ಬರೂ ಸೇರಿ ಮುಂದಿನ ಹಾಲ್ ಗುಡಿಸಿದೆವು, ರಂಗೋಲಿ ಹಾಕಿದೆವು, ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ಹೊಸ ಜಾಗಕ್ಕೆ ಕಾಲಿಡುವ ಮೊದಲು ಹಾಲುಕ್ಕಿಸದೆ ಇದ್ದರೆ ಆಗುತ್ತದೆಯೇ? ಮನೆಗಾದರೆ ಒಂದು, ಸರ್ಕಾರಕ್ಕಾದರೆ ಒಂದು ಅಂತ ಶಾಸ್ತ್ರ ಇಲ್ಲವಲ್ಲ. ಯಜಮಾನರು "ನಿಂಗೆ ಪೂರ್ತಿ ತಲೆ ಕೆಟ್ಟಿದೆ" ಅನ್ನುತ್ತಲೇ ಒಲೆಗೆ ಮೂರು ಇಟ್ಟಿಗೆ ಹೊತ್ತು ತಂದರು, ತಂದಮೇಲೆ ಮಟ್ಟ ಸರಿಯಿಲ್ಲ ಅಂತ ಎರಡು ಸಲ ತಾವೇ ತಿರುಗಿಸಿಟ್ಟರು. ಬಾಗಿಲಿಗೆ ವಿಭೂತಿ ಎಳೆದೆ, ಕುಂಕುಮ ಇಟ್ಟೆ. ಗೌರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತೆ. ಹಾಲು ಚೆಂದಾಗಿ ಪೂರ್ವಕ್ಕೇ ಉಕ್ಕಿತು. ಮಗು ಕೈ ತಟ್ಟಿತು. ನನಗೆ ಆಗಲೇ ಸರ್ಕಾರದ ಆದೇಶ ಕೈಗೆ ಬಂದ ಹಾಗಾಯಿತು.

ಸೋಮವಾರ ಮಧ್ಯಾಹ್ನ ಶೈಲಾಳ ಫೋನು ಬಡಿದುಕೊಂಡಿತು. ಸಾಹೇಬರೇ. "ನಿಮ್ಮ ನ್ಯೂ ಟೌನ್ ಜಾಗ ಕೈಬಿಟ್ಟೆ ಕಣಮ್ಮ. ಯಾರೋ ಆಗ್ಲೇ ಹಾಲುಕ್ಕಿಸಿ ಸೇರ್ಕೊಂಡಿದಾರೆ. ನಾನು ಹೊಸ್ಲು ಕೂಡ ದಾಟ್ಲಿಲ್ಲ. ಒಬ್ರು ಪೂಜೆ ಮಾಡ್ಕೊಂಡ ಜಾಗನ ನಾವು ಕೇಳ್ಬಾರ್ದು." ಯಾರು ಅಂತ ಸೆಲ್ವಿಯನ್ನು ವಿಚಾರಿಸಿದರಂತೆ. ಅವಳು ನನ್ನನ್ನು ಕಾಪಾಡಬೇಕು ಅಂತ, "ಯಾರೋ ದೊಡ್ಡ ಫ್ಯಾಮಿಲಿ ಸಾರ್, ಗ್ರಾಂಡಾಗಿ ಮಾಡಿದ್ರು" ಅಂದುಬಿಟ್ಟಿದ್ದಾಳೆ.

ಶೈಲಾ ಫೋನನ್ನು ಕೈಯಿಂದ ಮುಚ್ಚಿ ನನ್ನ ಕಡೆ ತಿರುಗಿದಳು. ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. "ಅಮ್ಮಾ" ಅಂದಳು. ಅವಳ ಕಣ್ಣಲ್ಲಿ ನೀರು ನೋಡಿದಾಗಲೇ ನನಗೆ ಗೊತ್ತಾಗಿದ್ದು, ಆಫೀಸು ಇಲ್ಲಿಗೆ ಬರಲಿ ಅಂತ ಅವಳಿಗೂ ಅಷ್ಟೇ ಆಸೆ ಇತ್ತು, ನನ್ನ ಹಾಗೆ ಊರೆಲ್ಲ ಹೇಳಿಕೊಂಡಿರಲಿಲ್ಲ ಅಷ್ಟೇ.

ಹಿಟ್ಟಿನ ಕೈಯಲ್ಲೇ ಫೋನ್ ಕಿತ್ತುಕೊಂಡೆ. "ಸಾಹೇಬ್ರೇ, ನಾನು ಶೈಲನ ತಾಯಿ. ಹಾಲುಕ್ಕಿಸಿದ್ದು ನಾನೇ. ಯಾರೂ ಸೇರ್ಕೊಂಡಿಲ್ಲ. ನಿಮ್ಮ ಆಫೀಸಿಗೇ ಅಂತ ಉಕ್ಕಿಸಿದ್ದು. ಮಗಳಿಗೆ ಇದು ಗೊತ್ತೇ ಇಲ್ಲ."

"ಯಾವ ದಿಕ್ಕಿಗೆ ಉಕ್ತಮ್ಮ?" ಅಂದರು ಸಾಹೇಬರು.

"ಪೂರ್ವಕ್ಕೆ."

"ಹಂಗಾದ್ರೆ ಇನ್ನೊಂದ್ಸಲ ಬಂದು ನೋಡ್ತೀನಿ ಬಿಡಿ" ಅಂತ ನಕ್ಕರು. ಅಲ್ಲಿಗೆ ನಾನು ಫೋನಿಡಬೇಕಿತ್ತು. ಆದರೆ ದೊಡ್ಡ ಮನುಷ್ಯರು ನಕ್ಕು ಮಾತಾಡಿದರೆ ನನಗೆ ತಡೆಯಲಾಗುವುದಿಲ್ಲ. ಗೌರಿಯ ಹಲ್ಲಿನಿಂದ ಹಿಡಿದು ಎಲ್ಲ ಹೇಳಿದೆ. ಮಗು ಎಷ್ಟು ಚಿಕ್ಕದು, ಮಗಳು ಎಷ್ಟು ಸೊರಗಿದ್ದಾಳೆ, ಗಂಡನ ಮನೆ ಶಿವಮೊಗ್ಗ, ಅಲ್ಲಿ ಅತ್ತೆಯೂ ಚಿನ್ನದಂಥವರು, ಬಸ್ಸಿನಲ್ಲಿ ಆ ಕೂಸನ್ನು ಹೊತ್ತು ಓಡಾಡುವುದು ಎಷ್ಟು ಕಷ್ಟ, ಅಂತೆಲ್ಲ. ಶೈಲಾ ಸೆರಗು ಹಿಡಿದು ಎಳೆಯುತ್ತಿದ್ದಳು. ಸಾಹೇಬರು ತಾಳ್ಮೆಯಿಂದ "ಹೂಂ, ಹೂಂ" ಅಂದರು. ಅವರಿಗೂ ಮೊಮ್ಮಗ ಇದ್ದಾನಂತೆ. ಒಳ್ಳೆಯ ಮನುಷ್ಯ.

ಹೇಳಿದ ಹಾಗೆ ಮತ್ತೆ ಬಂದು ನೋಡಿದರು, ನನ್ನನ್ನೂ ಮಾತಾಡಿಸಿಕೊಂಡು ಹೋದರು. ಗಾಳಿ ಬೆಳಕು, ಗಾಡಿ ನಿಲ್ಲಿಸುವ ಜಾಗ, ಸೋರದ ತಾರಸಿ, ಎಲ್ಲ ಒಪ್ಪಿಗೆಯಾಯಿತು. ಮೇಲಿನವರೂ ಹೂಂ ಅಂದರು. ಕೇಂದ್ರ ಕಚೇರಿ ಭದ್ರಾವತಿಗೇ ಬಂತು. ನಾನು ಬೀದಿಗೆಲ್ಲ ಶಾವಿಗೆ ಪಾಯಸ ಹಂಚಿದೆ. ಪಾಯಸ ಹಂಚಿ ಬರುವಷ್ಟರಲ್ಲಿ ಇನ್ನೊಂದು ಆದೇಶ ಬಂದಿತ್ತು. ಶಿವಮೊಗ್ಗದ ಜನರ ಅನುಕೂಲಕ್ಕೆ ಅಲ್ಲೊಂದು ಸಣ್ಣ ಶಾಖೆ ಉಳಿಸಿಕೊಳ್ಳುತ್ತಾರಂತೆ. ಹಸುಗೂಸಿನ ತಾಯಿಗೆ ಓಡಾಟದ ಕಷ್ಟ ಬೇಡ ಅಂತ ಸಾಹೇಬರು ತಾವೇ ಮುತುವರ್ಜಿ ವಹಿಸಿ ಶೈಲಾಳನ್ನು ಆ ಶಾಖೆಗೆ ಹಾಕಿಸಿದ್ದಾರೆ. "ನಿಮ್ಮ ತಾಯಿ ಹೇಳಿದ್ದು ಮನಸ್ಸಿಗೆ ನಾಟ್ತಮ್ಮ" ಅಂದರಂತೆ.

ಯಜಮಾನರು ಆವತ್ತೆಲ್ಲ ಗೋಡೆ ಕಡೆ ತಿರುಗಿಕೊಂಡು ನಗುತ್ತಿದ್ದರು, ಬೆನ್ನು ಅಲ್ಲಾಡುತ್ತಿತ್ತು.

ಈಗ ವಾರಕ್ಕೆ ನಾಲ್ಕು ದಿನ ನಾನು ಎಂಟೂವರೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗುತ್ತೇನೆ. ಗಿರಿಜಕ್ಕ ನನಗೂ ಸೇರಿಸಿ ರೊಟ್ಟಿ ತಟ್ಟಿರುತ್ತಾರೆ. ಮಗು ಬಾಗಿಲಲ್ಲೇ ಎರಡೂ ಕೈ ಚಾಚುತ್ತದೆ, ಹಲ್ಲು ನಾಲ್ಕಾಗಿದೆ. ಅದೇ ಹೊತ್ತಿಗೆ ಸಾಹೇಬರು ಶಿವಮೊಗ್ಗದಿಂದ ಇಲ್ಲಿಗೆ ಬರುತ್ತಾರೆ. ಮೊನ್ನೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಎಲ್ಲಿಗಮ್ಮ ಇಷ್ಟು ಬೇಗ?" ಅಂದರು.

"ಡ್ಯೂಟಿಗೆ ಸಾರ್" ಅಂದೆ. "ನೀವು ನಿಮ್ಮ ಆಫೀಸನ್ನ ನಮ್ಮೂರಿಗೆ ತಂದ್ರಿ, ನನ್ನ ಆಫೀಸು ನಿಮ್ಮೂರಿಗೆ ಹೋಯ್ತು."